ಸುಲಿದಿಟ್ಟ ಚಕ್ಕೋತ

ಸೆರಗಿನ ಎಳೆಗಳನ್ನು ಬೆರಳಿಗೆ ಸುತ್ತಿಕೊಂಡು ಇನ್ನೇನು ಗಂಟು ಬಿಗಿಯಬೇಕು ಎನ್ನುವಾಗ ಮೊಬೈಲಿನ ಅಲಾರಂ ಕೂಗಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಯಾರೋ ಕೆಮ್ಮಿದರು.

ಬಿಂದು ಬೆಚ್ಚಿ ತಲೆ ಎತ್ತಿದಳು.

ಒಂದು ಕೈಯಲ್ಲಿ ಹೆಲ್ಮೆಟ್, ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ ಹಿಡಿದ ಎತ್ತರದ ಗಂಡಸು ನಿಂತಿದ್ದ.

"ಸೀರೆಗೆ ಕುಚ್ಚು ಕಟ್ಟೋದು ಇಲ್ಲೇ ಅಲ್ವಾ ಮೇಡಂ? ನಮ್ಮವ್ವನ..."

"ಒಂದ್ನಿಮಿಷ!"

ಅವನ ಮಾತು ಮುಗಿಯುವ ಮೊದಲೇ ಅವಳು ಬಾಗಿಲು ಹಾಕಿಬಿಟ್ಟಳು.

ಒಳಗೆ ಹೋಗಿ ಡಬ್ಬಿ ತೆಗೆದು ಮಾತ್ರೆ ನುಂಗಿದಳು. ಕಾಯಿಸಿ ಆರಿಸಿದ ನೀರು ಕುಡಿದಳು. ಮಾಸ್ಕ್ ಸರಿಮಾಡಿಕೊಂಡು ಮತ್ತೆ ಬಾಗಿಲು ತೆರೆದಾಗ ಆತ ಇದ್ದಲ್ಲೇ ಇದ್ದ.

"ಬಾಗ್ಲು ಹಾಕಿದ್ದು ನನ್ ಮುಖ ನೋಡಿನಾ ಮೇಡಂ, ಚೀಲ ನೋಡಿನಾ?"

ಮಾಸ್ಕಿನ ಒಳಗೇ ಅವಳಿಗೆ ನಗು ಬಂತು. "ಎರಡೂ ಅಲ್ಲ. ಕೊಡಿ, ನೋಡೋಣ."

ಚೀಲದಿಂದ ಹೊರಬಂದದ್ದು ನೇರಳೆ ಬಣ್ಣದ ರೇಷ್ಮೆ ಸೀರೆ.

"ನಮ್ಮವ್ವ ತನಗೆ ಅಂತ ತಗೊಂಡ ಮೊದಲ್ನೇ ರೇಷ್ಮೆ ಕಣ್ರೀ ಇದು. ಕುಚ್ಚು ಕೆಟ್ಟೋಯ್ತು ಅಂದ್ರೆ ನನ್ನ ಮನೆಯೊಳಕ್ಕೆ ಸೇರ್ಸಲ್ಲ."

"ಹಾಗಿದ್ರೆ ನಿಮಗೋಸ್ಕರ ಅಲ್ಲ, ಸೀರೆಗೋಸ್ಕರ ಚೆನ್ನಾಗಿ ಕಟ್ತೀನಿ."

ಆತ ಜೋರಾಗಿ ನಕ್ಕ. ಆ ನಗು ಅವನು ಹೋದ ಮೇಲೂ ಕೋಣೆಯಲ್ಲೇ ಉಳಿದುಬಿಟ್ಟಿತು!

ನಾಗೇಂದ್ರ ಅವನ ಹೆಸರು. ಮೇಟಗಳ್ಳಿಯ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮನೆಯೂ ಅಲ್ಲೇ ಹತ್ತಿರ. ಮೇಟಗಳ್ಳಿ ಊರಿನ ಒಂದು ತುದಿ, ಬಿಂದುವಿನ ದಟ್ಟಗಳ್ಳಿ ಇನ್ನೊಂದು ತುದಿ. ನಡುವೆ ಕುಚ್ಚು ಕಟ್ಟುವವರು ಬೀದಿಗೊಬ್ಬರಿದ್ದಾರೆ. ಆದರೂ ಅವನು ಜೊತೆ ಕೆಲಸದವರ ಹೆಂಡತಿಯರ ಸೀರೆ, ಅಕ್ಕಪಕ್ಕದ ಮನೆಯವರ ಸೀರೆ ಎಲ್ಲ ಹೊತ್ತುಕೊಂಡು ಬರತೊಡಗಿದ.

"ಏನ್ ನಾಗೇಂದ್ರ ಅವ್ರೇ, ಸೀರೆ ಏಜೆಂಟ್ ಆಗ್ಬಿಟ್ರಾ?"

"ಹ್ಞೂಂ, ಕಮಿಷನ್ನು ಒಂದ್ ಲೋಟ ಕಾಫಿ."

ಬೇಸಿಗೆ ಮುಗಿದು ಶ್ರಾವಣ ಕಳೆಯುವಷ್ಟರಲ್ಲಿ ಸೀರೆಯ ನೆಪವೂ ಬೇಕಾಗಲಿಲ್ಲ. ಒಂದು ಸಂಜೆ ಅವನು ನೇರವಾಗಿ ಕೇಳಿದ. "ಬಿಂದು, ನಮ್ಮವ್ವನ್ನ ನೋಡೋಕೆ ಬರ್ತೀರಾ?"

ಅವಳ ಎದೆ ಹಾರಿತು. ಹೆದರಿ ಹಾರಿತೋ, ಖುಷಿಯಿಂದ ಹಾರಿತೋ ಅವಳಿಗೇ ತಿಳಿಯಲಿಲ್ಲ.

ಯಾಕೆಂದರೆ ಅವನಿಗೆ ಹೇಳದ ಒಂದು ಮಾತಿತ್ತು.

ಬಿಂದುವಿನ ಕಿಬ್ಬೊಟ್ಟೆಯ ಬಲಭಾಗದಲ್ಲಿ ಅವಳ ಅಮ್ಮ ಸುಮಿತ್ರಮ್ಮನ ಕಿಡ್ನಿ ಇದೆ.

ಮೂವತ್ತು ತುಂಬುವ ಮೊದಲೇ ಅವಳ ಎರಡು ಕಿಡ್ನಿಗಳೂ ಕೈಕೊಟ್ಟಿದ್ದವು. ಸುಮಿತ್ರಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. ಆಪರೇಷನ್ ಆಯಿತು. ಆದರೆ ಕೊಟ್ಟದ್ದು ಅಮ್ಮನೇ ಆದರೂ ದೇಹಕ್ಕೆ ಅದು ಪರರ ವಸ್ತು. ದೇಹ ಅದರ ಮೇಲೆ ದಂಡೆತ್ತಿ ಹೋಗದಂತೆ ತಡೆಯುವುದು ಮಾತ್ರೆಗಳು. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ, ಹೊಟ್ಟೆ ಖಾಲಿ ಇರುವಾಗ. ನುಂಗುವ ಎರಡು ಗಂಟೆ ಮೊದಲೇ ಬಾಯಿ ಕಟ್ಟಬೇಕು, ನುಂಗಿದ ಮೇಲೆ ಇನ್ನೊಂದು ಗಂಟೆ ಕಾಯಬೇಕು. ಒಂದು ಹೊತ್ತು ತಪ್ಪಬಾರದು. ತಪ್ಪಿತೆಂದು ಎರಡು ಹೊತ್ತಿನದನ್ನು ಒಟ್ಟಿಗೆ ನುಂಗಲೂಬಾರದು. ಹಸಿ ತರಕಾರಿ ಬೇಡ, ಕಾಯಿಸದ ನೀರು ಬೇಡ, ಜನಜಂಗುಳಿಯಲ್ಲಿ ಮಾಸ್ಕ್ ಬೇಕು.

ಬದುಕಿರುವ ವರೆಗೂ.

ಒಂದೂವರೆ ವರ್ಷದ ಹಿಂದೆ ಒಂದು ಸಂಬಂಧ ಬಂದಿತ್ತು. ಸುಮಿತ್ರಮ್ಮ ಏನನ್ನೂ ಮುಚ್ಚಿಡದೆ ಹೇಳಿದ್ದರು. ಹುಡುಗನ ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟು ಕೇಳಿದ್ದ. "ಅಂದ್ರೆ... ಅದು ಎಷ್ಟ್ ವರ್ಷ ಬಾಳ್ಕೆ ಬರ್ತದೆ?"

ಸ್ಕೂಟರಿನ ಬ್ಯಾಟರಿ ಬಗ್ಗೆ ವಿಚಾರಿಸುವ ಹಾಗೆ!

ಆ ರಾತ್ರಿ ಸುಮಿತ್ರಮ್ಮ ಮಗಳ ಕೈ ಹಿಡಿದುಕೊಂಡು ಹೇಳಿದ್ದರು. "ಇನ್ಮೇಲೆ ಯಾರ್ಗೂ ಹೇಳ್ಬೇಡ ಕಣೆ. ಎಲ್ಲಾ ಗಟ್ಟಿಯಾಗೋ ತನಕ ಬಾಯಿ ಬಿಡ್ಬೇಡ. ಆಮೇಲೆ ನಾನೇ ಹೇಳ್ತೀನಿ. ನನ್ ಮೈಯಿಂದ ಕಿತ್ತು ಕೊಟ್ಟಿದ್ದೀನಿ, ನಿನ್ನ ಇನ್ನೇನೂ ಕೇಳಿಲ್ಲ. ಇದೊಂದ್ ಮಾತು ನಡ್ಸು."

ಇಲ್ಲ ಎನ್ನಲು ಯಾವ ಮಗಳಿಗೆ ಬಾಯಿ ಬರುತ್ತದೆ?

ಮೇಟಗಳ್ಳಿಗೆ ಹೋದದ್ದು ಗೌರಿ ಹಬ್ಬ ಕಳೆದ ಭಾನುವಾರ. ನಾಲ್ಕಕ್ಕೆ ಹೋಗಿ ಆರರೊಳಗೆ ಹೊರಡುವುದೆಂದು ಲೆಕ್ಕ. ಆದರೆ ಕಾರ್ಖಾನೆಯಲ್ಲಿ ಯಾವುದೋ ಮೆಷಿನ್ ಕೆಟ್ಟು, ನಾಗೇಂದ್ರ ಅವಳನ್ನು ಕರೆದೊಯ್ಯಲು ಬಂದಾಗಲೇ ತಡವಾಗಿತ್ತು. ಅವನ ಬೈಕು ಮನೆ ಮುಂದೆ ನಿಂತಾಗ ಗಂಟೆ ಆರು ದಾಟಿತ್ತು.

ಚಿಕ್ಕ, ಅಚ್ಚುಕಟ್ಟಾದ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ನೀಲಿ ಕೋಟಿನ ಬಾಬಾಸಾಹೇಬರ ಪಟ. ಹಿತ್ತಲಲ್ಲಿ ಒಂದು ಚಕ್ಕೋತದ ಮರ. ನಾಗೇಂದ್ರನ ಅಪ್ಪ ಸಿದ್ದಪ್ಪಾಜಿ ತೀರಿಕೊಳ್ಳುವ ಮೊದಲು ನೆಟ್ಟದ್ದಂತೆ.

ಪುಟ್ಟಲಿಂಗಮ್ಮ ಅದೇ ನೇರಳೆ ರೇಷ್ಮೆ ಉಟ್ಟು ಬಾಗಿಲಲ್ಲಿ ನಿಂತಿದ್ದರು.

"ಬಾ ನನ್ನವ್ವ, ಬಾ! ಈ ಕುಚ್ಚು ಕಟ್ಟಿದ್ ಬೆಳ್ಳು ಇವೇಯಾ?" ಎಂದು ಬಿಂದುವಿನ ಬೆರಳುಗಳನ್ನು ಹಿಡಿದು ತಮ್ಮ ಕೆನ್ನೆಗೆ ಒತ್ತಿಕೊಂಡರು.

ಬಿಂದುವಿಗೆ ಕಣ್ಣು ತುಂಬಿತು. ಇದೇ ನನ್ನ ಮನೆಯಾದರೆ...

"ಮೊದ್ಲು ನೀರು ಕುಡಿ ಮಗ."

"ನೀರು... ತಂದಿದ್ದೀನಮ್ಮ." ಅವಳು ಚೀಲದಿಂದ ಬಾಟಲಿ ತೆಗೆದಳು.

"ಕಾಫಿ ಇಕ್ಲಾ?"

"ಬೇಡಮ್ಮ, ಈಗ ಬೇಡ."

"ಕೋಸಂಬರಿ ಮಾಡಿವ್ನಿ, ಒಂಚೂರು..."

"ಬೇಡಮ್ಮ."

ಪುಟ್ಟಲಿಂಗಮ್ಮ ನಗುತ್ತಲೇ ಒಳಗೆ ಹೋದರು. ದೊಡ್ಡ ತಟ್ಟೆಯೊಂದಿಗೆ ಬಂದರು. ಅದರಲ್ಲಿ ಚಕ್ಕೋತ. ಒಂದೊಂದು ತೊಳೆಯ ಪೊರೆಯನ್ನೂ ಬಿಡಿಸಿ, ಬೀಜ ತೆಗೆದು, ಮೇಲೆ ಉಪ್ಪು ಖಾರ ಉದುರಿಸಿ, ಹೂವಿನ ಹಾಗೆ ಜೋಡಿಸಿದ್ದರು. ಅಷ್ಟು ಸುಲಿಯಲು ಎಷ್ಟು ಹೊತ್ತು ಹಿಡಿದಿತ್ತೋ!

"ಈ ಸರ್ತಿ ಬುಟ್ಟ ಮೊದಲ್ನೇ ಹಣ್ಣು ಕಣವ್ವ. ನಮ್ ಯಜಮಾನ್ರ ಮರದ್ದು. ನಿನ್ಗೇಂತ ಕೀಳ್ದೆ ಮಡ್ಗಿದ್ದೆ."

ಬಿಂದು ತಟ್ಟೆಯನ್ನೇ ನೋಡಿದಳು.

ಚಕ್ಕೋತ!

ಹೋದ ವರ್ಷ ಗೊತ್ತಿಲ್ಲದೆ ತಿಂದಿದ್ದಳು. ನಾಲ್ಕು ದಿನ ಬೆರಳು ಎಷ್ಟು ನಡುಗಿದವೆಂದರೆ ಒಂದು ಗಂಟು ಕಟ್ಟಲಾಗಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರ್ ವಾಗೀಶ ಗದರಿದ್ದರು. "ಚಕ್ಕೋತ ತಿಂದ್ರೆ ಮಾತ್ರೆ ರಕ್ತದಲ್ಲಿ ಮಿತಿಮೀರಿ ನಿಂತುಬಿಡುತ್ತೆ ಕಣಮ್ಮ. ಉಳಿಸೋ ಮಾತ್ರೇನೇ ಕಿಡ್ನಿ ಕೆಡಿಸುತ್ತೆ. ಒಂದು ತೊಳೆನೂ ಮುಟ್ಟಬೇಡ."

ಹೇಳಿಬಿಡಲೇ? ಅಮ್ಮನಿಗೆ ಕೊಟ್ಟ ಮಾತು...

"ಬೇಡಮ್ಮ... ನನಗೆ... ಬೇಡ."

ಪುಟ್ಟಲಿಂಗಮ್ಮನ ಕೈ ತಟ್ಟೆಯ ಜೊತೆ ಗಾಳಿಯಲ್ಲೇ ನಿಂತಿತು. ಅವರು ಒಮ್ಮೆ ಬಾಟಲಿಯನ್ನು ನೋಡಿದರು. ಒಮ್ಮೆ ಬಿಂದುವಿನ ಮುಖ ನೋಡಿದರು. ಆಮೇಲೆ ನಿಧಾನವಾಗಿ ತಟ್ಟೆಯನ್ನು ಕೆಳಗಿಟ್ಟು ಮೇಲೊಂದು ಮುಚ್ಚಳ ಮುಚ್ಚಿದರು.

"ಬುಡವ್ವ," ಎಂದರು ಮೆಲ್ಲಗೆ. "ನಮ್ಗೇನ್ ಹೊಸ್ದಲ್ಲ."

ಆ ಮಾತಿನ ಅರ್ಥ ಬಿಂದುವಿಗೆ ಹೊಳೆಯಲು ಒಂದು ಉಸಿರು ಬೇಕಾಯಿತು. ಹೊಳೆದಾಗ ಮೈಯೆಲ್ಲ ಸುಟ್ಟ ಹಾಗಾಯಿತು.

ಅಯ್ಯೋ... ಇವರ ನೀರು ಮುಟ್ಟಲಿಲ್ಲ. ಕಾಫಿ ಮುಟ್ಟಲಿಲ್ಲ. ಹಣ್ಣು ಮುಟ್ಟಲಿಲ್ಲ. ಇವರು ನನ್ನನ್ನು ಯಾರೆಂದುಕೊಂಡರು!

"ಅಮ್ಮ, ಹಾಗಲ್ಲ..."

"ಕತ್ಲಾಯ್ತದೆ. ನಾಗೇಂದ್ರ, ಆ ಮಗೀನ ಬುಟ್ಬುಟ್ಟು ಬಾ."

ನಾಗೇಂದ್ರ ದಟ್ಟಗಳ್ಳಿಯ ತಿರುವಿನಲ್ಲಿ ಬೈಕ್ ನಿಲ್ಲಿಸಿ, ಹಿಂತಿರುಗಿ ನೋಡದೆ ಹೇಳಿದ.

"ನಮ್ಮವ್ವ ಹೋಟ್ಲ ಹೊರಗೆ ನಿಂತು ಬೇರೆ ಲೋಟದಲ್ಲಿ ಕಾಫಿ ಕುಡ್ದು ಬೆಳ್ದೋಳು ಬಿಂದು. ಆ ಕತೆ ನಮ್ಮನೇಲಿ ಮುಗೀತು ಅಂದ್ಕೊಂಡಿದ್ದೆ. ನೀವು ಹಂಗಲ್ಲ ಅಂತ ನಾನೇ ಅವ್ಳಿಗೆ ಹೇಳಿದ್ದೆ."

"ನಾಗೇಂದ್ರ, ದಯವಿಟ್ಟು ಕೇಳಿ..."

"ಹೇಳಿ. ಯಾಕೆ ತಿನ್ನಲಿಲ್ಲ?"

ಅವಳು ಬೈಕಿನಿಂದ ಇಳಿದು ಚೀಲವನ್ನು ಎದೆಗೆ ಅವಚಿಕೊಂಡಳು.

ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ಬೈಕ್ ಹೊರಟುಹೋಯಿತು.

ಅವತ್ತಿನಿಂದ ಬಿಂದುವಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಟ್ಟಿದ ಕುಚ್ಚು ಬಿಚ್ಚಿದಳು, ಬಿಚ್ಚಿದ್ದನ್ನು ಕಟ್ಟಿದಳು. ಅಡುಗೆಮನೆಗೆ ಹೋಗಿ ಏಕೆ ಬಂದೆನೆಂದು ಮರೆತಳು. ಒಂದು ಬೆಳಿಗ್ಗೆ ಮಾತ್ರೆ ನುಂಗಿದೆನೋ ಇಲ್ಲವೋ ಎಂದು ಗಾಬರಿಯಾಗಿ ಡಬ್ಬಿ ತೆರೆದು ನೋಡಿದಳು. ಆ ಬೆಳಗಿನ ಖಾನೆ ಖಾಲಿ ಇತ್ತು. ಸದ್ಯ! ಡಬ್ಬಿ ಇಲ್ಲದಿದ್ದರೆ ಇನ್ನೊಂದು ಸಲ ನುಂಗಿಬಿಡುತ್ತಿದ್ದಳು.

ನಾಗೇಂದ್ರನಿಗೆ ಮೆಸೇಜು ಬರೆದಳು, ಅಳಿಸಿದಳು. ಮತ್ತೆ ಬರೆದಳು, ಅಳಿಸಿದಳು. ಅವನೂ ಫೋನ್ ಮಾಡಲಿಲ್ಲ.

"ಏನಾಯ್ತೆ? ಕಾಲು ಸುಟ್ಟ ಬೆಕ್ಕಿನಂಗೆ ಒಳಗೂ ಹೊರಗೂ ಓಡಾಡ್ತಿದ್ದೀಯ?" ಸುಮಿತ್ರಮ್ಮ ಕೇಳಿದರು.

ಬಿಂದು ಎಲ್ಲ ಹೇಳಿದಳು. ಸುಮಿತ್ರಮ್ಮನ ಮುಖ ಬಾಡಿತು. ಬಾಗಿಲಿಗೆ ಒರಗಿದರು.

"ಪಾಪ, ಆ ಹೆಂಗ್ಸು..." ಎಂದರು. ಮರುಕ್ಷಣವೇ ಗಟ್ಟಿಯಾದರು. "ಆದ್ರೂ ಹೇಳ್ಬೇಡ ಕಣೆ. ಹೇಳಿದ್ರೆ ಅವ್ರೂ ಅದನ್ನೇ ಕೇಳ್ತಾರೆ, ಎಷ್ಟ್ ವರ್ಷ ಅಂತ. ಆ ಮಾತು ಇನ್ನೊಂದ್ಸಲ ಕೇಳ್ಸ್ಕೊಳ್ಳೋ ಶಕ್ತಿ ನಂಗಿಲ್ಲ."

"ಅಮ್ಮ, ಅವರು ನನ್ನನ್ನ ಏನಂತ ತಿಳ್ಕೊಂಡಿದ್ದಾರೆ ಗೊತ್ತಾ?"

"ತಪ್ಪು ತಿಳ್ಕೊಂಡ್ರೆ ತಿಳ್ಕೊಳ್ಳಿ ಬಿಡು. ಕನಿಕರ ಪಡೋದಕ್ಕಿಂತ ವಾಸಿ."

ವಾಸಿಯೇ? ಬಿಂದುವಿಗೆ ಮುಚ್ಚಳದ ಕೆಳಗಿನ ಆ ತೊಳೆಗಳು ಕಣ್ಣು ಮುಚ್ಚಿದರೂ ಕಾಣುತ್ತಿದ್ದವು.

ಮಾರನೆಯ ಸಂಜೆ ನೂಲು ತರುವುದಾಗಿ ಹೇಳಿ ಮನೆಯಿಂದ ಹೊರಟವಳು ಸಿಟಿ ಬಸ್ ನಿಲ್ದಾಣದಲ್ಲಿ ಮೇಟಗಳ್ಳಿಯ ಬಸ್ ಹತ್ತಿದಳು. ತಲೆಯೊಳಗೆ ಒಂದೇ ಯೋಚನೆ ಗಿರಗಿರ ತಿರುಗುತ್ತಿತ್ತು.

ತಿಂದುಬಿಡುತ್ತೇನೆ. ಹೇಳದೆಯೇ ತಿಂದು ತೋರಿಸಿಬಿಡುತ್ತೇನೆ. ಎರಡು ತೊಳೆ... ಕೈ ನಡುಗಿದರೆ ನಡುಗಲಿ. ಅಮ್ಮನ ಮಾತೂ ಉಳಿಯುತ್ತದೆ, ಅವರ ಮನಸ್ಸೂ ಉಳಿಯುತ್ತದೆ!

ಪುಟ್ಟಲಿಂಗಮ್ಮ ಹಿತ್ತಲಲ್ಲಿ ಒಣಗಿದ ಎಲೆ ಗುಡಿಸುತ್ತಿದ್ದರು. ಅವಳನ್ನು ಕಂಡು ಪೊರಕೆ ನಿಂತಿತು.

"ನಾಗೇಂದ್ರ ಬಂದಿಲ್ಲ. ಶಿಫ್ಟು ಮುಗ್ದಿಲ್ಲ."

"ನಿಮ್ಮನ್ನ ನೋಡೋಕೆ ಬಂದೆ ಅಮ್ಮ. ಅವತ್ತು ಬಿಟ್ಟುಹೋದ ಹಣ್ಣು ತಿನ್ನೋಕೆ."

ಪುಟ್ಟಲಿಂಗಮ್ಮ ಅವಳನ್ನು ನೆಟ್ಟ ನೋಟದಿಂದ ನೋಡಿದರು. "ಅಂಗೆಲ್ಲ ಕಷ್ಟಪಟ್ಟು ತಿನ್ಬೇಡ ಕಣವ್ವ."

"ಕೊಡಿ ಅಮ್ಮ."

ಅವರು ಒಂದು ಹಣ್ಣು ಕಿತ್ತರು. ಕಟ್ಟೆಯ ಮೇಲೆ ಕೂತು ಚಾಕುವಿನಿಂದ ದಪ್ಪ ಸಿಪ್ಪೆ ಗೀರಿದರು. ಹುಳಿಗಂಪು ಗಾಳಿಯಲ್ಲಿ ಹರಡಿತು. ಈ ಸಲ ಉಪ್ಪಿಲ್ಲ, ಖಾರವಿಲ್ಲ, ಹೂವಿನ ಜೋಡಣೆಯಿಲ್ಲ. ಒಂದು ತೊಳೆ ಬಿಡಿಸಿ, ಅವಳ ಕೈಗೆ ತಮ್ಮ ಬೆರಳು ತಾಗದಂತೆ ಮೇಲಿನಿಂದ ಅಂಗೈಗೆ ಹಾಕಿದರು.

ಬೆರಳು ತಾಗದಂತೆ! ಅವತ್ತು ಇದೇ ಬೆರಳನ್ನು ಕೆನ್ನೆಗೆ ಒತ್ತಿಕೊಂಡಿದ್ದರಲ್ಲ...

ಬಿಂದು ತೊಳೆಯನ್ನು ತುಟಿಯ ಹತ್ತಿರ ತಂದಳು. ಒಂದೇ ಕಚ್ಚು. ಇನ್ನೇನು...

ಅವಳ ಎಡಗೈ ತಾನಾಗಿಯೇ ಕಿಬ್ಬೊಟ್ಟೆಯ ಬಲಭಾಗಕ್ಕೆ ಹೋಯಿತು. ಅಲ್ಲಿ ಅಮ್ಮ ಇದ್ದಾಳೆ. ಆಸ್ಪತ್ರೆಯ ಹಾಸಿಗೆಯಲ್ಲಿ ಎಚ್ಚರವಾದ ಕೂಡಲೇ ತನ್ನ ನೋವು ಬಿಟ್ಟು, 'ಮಗು ಉಚ್ಚೆ ಹೊಯ್ದಳಾ?' ಎಂದು ನರ್ಸನ್ನು ಕೇಳಿದ ಅಮ್ಮ.

ಅಮ್ಮನ ಮಾತು ಉಳಿಸಲು ಅಮ್ಮನ ಕಿಡ್ನಿಯನ್ನೇ ಹಾಳುಮಾಡಬೇಕೇ?

ಅವಳು ತೊಳೆಯನ್ನು ಕಟ್ಟೆಯ ಮೇಲಿಟ್ಟಳು.

ಪುಟ್ಟಲಿಂಗಮ್ಮನ ಮುಖ ಬಿಗಿಯಿತು. "ನಾನೇಳ್ನಿಲ್ವಾ? ಯಾಕವ್ವ ಈ ನಾಟ್ಕ? ಯಾರ್ ಕರುದ್ರು ನಿನ್ನ?"

"ಅಮ್ಮ, ಇದು ನನಗೆ ವಿಷ!"

"ಏನಂದೆ?" ಅವರು ಎದ್ದು ನಿಂತರು. "ನನ್ ಗಂಡ ನೆಟ್ಟ ಮರ ಕಣೇ ಇದು! ಈ ಕೇರಿ ಮಕ್ಳೆಲ್ಲ ತಿಂದು ಬೆಳ್ದವ್ರೆ. ವಿಸ್ವಂತೆ, ವಿಸ!"

"ಹಣ್ಣು ವಿಷ ಅಲ್ಲ ಅಮ್ಮ. ನನ್ನ ಮಾತ್ರೆಗೆ... ಅಮ್ಮ, ನನ್ನ ಹೊಟ್ಟೆಯಲ್ಲಿರೋದು ನನ್ನ ಕಿಡ್ನಿ ಅಲ್ಲ! ನಮ್ಮಮ್ಮಂದು!"

ಹೇಳಿಬಿಟ್ಟಳು! ಅಷ್ಟು ದಿನ ಕಟ್ಟಿಟ್ಟಿದ್ದ ಅಳು ಒಮ್ಮೆಲೇ ಒಡೆಯಿತು. ಅಳುತ್ತಲೇ ಚೀಲದಿಂದ ಮಾತ್ರೆಯ ಡಬ್ಬಿ ತೆಗೆದು ಅವರ ಮುಂದೆ ತೆರೆದಿಟ್ಟಳು. ಆಪರೇಷನ್ನು, ಕಾಯಿಸಿದ ನೀರು, ಖಾಲಿ ಹೊಟ್ಟೆ, ಕೋಸಂಬರಿಯ ಹಸಿ ಸೌತೆ, ಚಕ್ಕೋತ, ನಡುಗುವ ಬೆರಳು, ಹುಡುಗನ ದೊಡ್ಡಪ್ಪನ ಪ್ರಶ್ನೆ, ಅಮ್ಮನಿಗೆ ಕೊಟ್ಟ ಮಾತು... ಹಿಂದುಮುಂದಾಗಿ ಎಲ್ಲ ಹೊರಬಂತು.

ಪುಟ್ಟಲಿಂಗಮ್ಮ ಕಟ್ಟೆಯ ಮೇಲೆ ಕುಸಿದು ಕೂತರು.

"ಹಣ್ ತಿಂದ್ರೆ ಔಸ್ದಿ ಜಾಸ್ತಿ ಆಯ್ತದಾ? ಇದ್ಯಾವ್ ಸೀಮೆ ಔಸ್ದಿನವ್ವ?"

"ಹೌದಮ್ಮ. ಕಿತ್ತಳೆ, ಬಾಳೆ, ಸೇಬು ಎಲ್ಲ ತೊಳೆದು ತಿಂತೀನಿ. ಇದೊಂದು ಆಗಲ್ಲ."

"ಅಂಗಾರೆ ಈಗ ತಿಂತೀನಿ ಅಂತ ಯಾಕ್ ಬಂದೆ? ತಿಂದಿದ್ರೆ?"

ಬಿಂದು ತಲೆ ತಗ್ಗಿಸಿದಳು. "ನೀವು ಆ ತಟ್ಟೆ ಮುಚ್ಚಿದ್ರಲ್ಲಮ್ಮ... ಅದನ್ನ ತಡ್ಕೊಳ್ಳೋಕೆ ಆಗ್ಲಿಲ್ಲ."

ಪುಟ್ಟಲಿಂಗಮ್ಮ ಅವಳ ತಲೆಗೆ ಮೆಲ್ಲಗೆ ಮೊಟಕಿದರು. ಅವರ ಕಣ್ಣೂ ಹರಿಯುತ್ತಿತ್ತು.

"ಬಾಯಿರ್ಲಿಲ್ವ ನಿಂಗೆ? ಇಷ್ಟ್ ದಿನ ನಾನು ಅನ್ನ ಸರ್ಯಾಗಿ ಉಂಡಿಲ್ಲ ಕಣೆ. ಇಂಥ ಹೆಣ್ಣೂ ಅಂಗೇನಾ ಅಂತ... ಅವ್ವನ್ ಮಾತಂತೆ! ನನ್ ಕೈಲಿ ವಿಸ ತಿನ್ಸ್ಕೊಳ್ಳೋಕ್ ಬಂದಿದ್ಯಲ್ಲ, ನಿನ್ನ ಏನ್ ಮಾಡ್ಲಿ?"

ಬೈಯುತ್ತಲೇ ಒಳಗೆ ಹೋದರು. ಒಲೆ ಹೊತ್ತಿಸಿದ ಸದ್ದು. ದೊಡ್ಡ ಪಾತ್ರೆಗೆ ನೀರು ಸುರಿದ ಸದ್ದು.

"ಎಷ್ಟ್ ಕುದಿಬೇಕು?" ಒಳಗಿನಿಂದಲೇ ಕೂಗಿದರು.

"ಚೆನ್ನಾಗಿ ಮರಳಬೇಕಮ್ಮ."

ಎಂಟಕ್ಕೆ ಅಲಾರಂ ಕೂಗಿದಾಗ ಬಿಂದು ಬಾಗಿಲು ಹಾಕಿಕೊಳ್ಳಲಿಲ್ಲ. ಅಡುಗೆಮನೆಯ ದೀಪದ ಕೆಳಗೆ, ಪುಟ್ಟಲಿಂಗಮ್ಮ ಆರಿಸಿ ಕೊಟ್ಟ ನೀರಿನಲ್ಲಿ ಮಾತ್ರೆ ನುಂಗಿದಳು.

"ಇನ್ನು ಉಣ್ಬೋದಾ?"

"ಒಂದು ಗಂಟೆ ಬಿಟ್ಟು. ನೀವು ಊಟ ಮಾಡಿ ಅಮ್ಮ."

"ನಂಗೂ ಹಸಿವಿಲ್ಲ, ತಡಿ," ಎಂದು ಪುಟ್ಟಲಿಂಗಮ್ಮ ಎದುರಿಗೇ ಕೂತುಬಿಟ್ಟರು.

ನಾಗೇಂದ್ರ ಬಂದಾಗ ಅವನಿಗೆ ಕಂಡದ್ದು ಅದು. ಖಾಲಿ ತಟ್ಟೆಗಳ ಮುಂದೆ ಗಡಿಯಾರ ನೋಡುತ್ತ ಕೂತ ಇಬ್ಬರು ಹೆಂಗಸರು.

"ನೀವು... ಇಲ್ಲಿ?"

"ಮೊದ್ಲು ಕೈ ತೊಳ್ಕೊ ಹೋಗೊ! ಸೋಪಾಕು!" ಪುಟ್ಟಲಿಂಗಮ್ಮ ಗದರಿದರು. ಆಮೇಲೆ ಅವರೇ, ನಡುನಡುವೆ ಮೂಗು ಒರೆಸಿಕೊಳ್ಳುತ್ತ, ಎಲ್ಲ ಹೇಳಿದರು. ಹೇಳಿ, ಸಾರಿಗೆ ಉಪ್ಪು ನೋಡುವ ನೆಪದಲ್ಲಿ ಎದ್ದುಹೋದರು.

ಇಬ್ಬರೂ ಹಿತ್ತಲಿಗೆ ಬಂದರು. ಮರದಲ್ಲಿ ಚಕ್ಕೋತಗಳು ಕತ್ತಲಲ್ಲಿ ಮಂಕಾಗಿ ತೂಗುತ್ತಿದ್ದವು.

"ಆವತ್ತು ತಿರುವಿನಲ್ಲಿ ಇನ್ನೊಂದ್ ಸ್ವಲ್ಪ ಹೊತ್ತು ಕಾಯ್ಬೇಕಿತ್ತು ನಾನು," ಎಂದ ನಾಗೇಂದ್ರ. ಅವನ ದನಿ ಒರಟಾಗಿತ್ತು. "ಹೇಳಿದ್ರೆ ಓಡೋಗ್ತೀನಿ ಅಂದ್ಕೊಂಡ್ಯಾ?"

ಮೊದಲ ಸಲ 'ನೀನು' ಎಂದಿದ್ದ.

"ಓಡಿಹೋದೋರಿದ್ದಾರಲ್ಲ."

"ನಂಗೂ ಭಯ ಆಗ್ತಿದೆ ಬಿಂದು. ಸುಳ್ಳು ಹೇಳಲ್ಲ."

"ನನಗೆ ದಿನಾ ಆಗುತ್ತೆ."

"ಅಂದ್ರೆ ಇಬ್ರೂ ಪಟ್ಕೊಂಡ್ರೆ ಅರ್ಧರ್ಧ ಆಯ್ತದೆ."

ಅವಳು ಅಳುತ್ತಲೇ ನಕ್ಕಳು. ಆಮೇಲೆ ಕೇಳಲೇಬೇಕಾದದ್ದನ್ನು ಕೇಳಿದಳು. "ಎಷ್ಟು ವರ್ಷ ಅಂತ ಕೇಳಲ್ವಾ?"

ನಾಗೇಂದ್ರ ಅವಳ ಕೈ ಹಿಡಿದುಕೊಂಡ. ಬೆರಳಿಗೆ ಬೆರಳು ತಾಗುವಂತೆ, ಬಿಗಿಯಾಗಿ.

"ಎಷ್ಟ್ ವರ್ಷ ಅಂತ ಕೇಳಲ್ಲ. ಎಷ್ಟ್ ಗಂಟೆಗೆ ಅಂತ ಹೇಳು, ಸಾಕು."

ಒಂಬತ್ತು ದಾಟಿದ ಮೇಲೆ ಮೂವರೂ ಉಂಡರು. ಬಿಸಿ ಅನ್ನ, ಅವರೆಕಾಳಿನ ಸಾರು. ಬಿಂದು ಎರಡು ಸಲ ಹಾಕಿಸಿಕೊಂಡಳು. ಪುಟ್ಟಲಿಂಗಮ್ಮ ಅವಳು ಉಣ್ಣುವುದನ್ನೇ ನೋಡುತ್ತ ತಮ್ಮ ತಟ್ಟೆಯ ತುತ್ತು ಮರೆತರು.

ಹೊರಡುವಾಗ ಮೊಬೈಲ್ ಹೊಡೆದುಕೊಂಡಿತು. ಸುಮಿತ್ರಮ್ಮ.

"ಎಲ್ ಹಾಳಾಗೋದ್ಯೆ? ನೂಲು ತರೋಕೆ ಇಷ್ಟೊತ್ತಾ? ಮಾತ್ರೆ ತಗೊಂಡ್ಯಾ?"

"ತಗೊಂಡೆ ಅಮ್ಮ. ಊಟಾನೂ ಆಯ್ತು. ಬಂದು ಹೇಳ್ತೀನಿ... ಬೈಬೇಡ."

"ಊಟ... ಎಲ್ಲಿ?"

"ಮೇಟಗಳ್ಳೀಲಿ."

ಸುಮಿತ್ರಮ್ಮ ಬೈಯಲಿಲ್ಲ. "ಹುಷಾರಾಗ್ ಬಾ," ಎಂದು ಫೋನ್ ಇಟ್ಟರು.

ಬಿಂದು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳಲು ಅಡುಗೆಮನೆಗೆ ಬಂದಳು. ಒಲೆಯ ಮೇಲಿನ ಗೂಡಿನಲ್ಲಿ ಜೀರಿಗೆ, ಮೆಣಸು, ಸಾರಿನ ಪುಡಿಯ ಡಬ್ಬಿಗಳು ಸಾಲಾಗಿದ್ದವು. ಅವಳ ಕಣ್ಣು ಒಲೆಯ ಕಾವಿನಿಂದ ದೂರಕ್ಕೆ ಸರಿದು, ಬಾಗಿಲಾಚೆ ಬುದ್ಧನ ಪಟದ ಪಕ್ಕದ ತಣ್ಣನೆಯ ಗೋಡೆಗೂಡಿನಲ್ಲಿ ನಿಂತಿತು. ಅಲ್ಲಿ ಪುಟ್ಟ ಡಬ್ಬಿಯೊಂದು ಹಿಡಿಯುವಷ್ಟು ಜಾಗ ಖಾಲಿ ಇತ್ತು. ಬಿಸಿ ತಾಗುವುದಿಲ್ಲ. ತೇವವಿಲ್ಲ.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಎರಡು ದಿನದ ಮಾತ್ರೆ ಹೆಚ್ಚಿಗೆ ಬರೆಸಿಕೊಳ್ಳಬೇಕು ಎಂದುಕೊಂಡಳು. ತಂದು ಅಲ್ಲಿ ಇಟ್ಟುಬಿಡಬೇಕು.

"ಏನ್ ನೋಡ್ತಾ ಇದೀಯ?" ಬಾಗಿಲಲ್ಲಿ ಹೆಲ್ಮೆಟ್ ಹಿಡಿದು ನಿಂತ ನಾಗೇಂದ್ರ ಕೇಳಿದ.

"ಏನಿಲ್ಲ," ಎಂದಳು ಬಿಂದು. "ನಡೀರಿ."